ಉತ್ತರಗಳನ್ನು ತಾಳೆ ನೋಡುವ ಮುನ್ನ

ಪ್ರತಿ ವರ್ಷ ಬೇಸಗೆಯಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ನಾವೆಲ್ಲರೂ ಸಿ.ಇ.ಟಿ. ಎಂದು ಕರೆಯುವ ಪರೀಕ್ಷೆ, ನಡೆಯುವ ಊರುಗಳಲ್ಲಿ ಒಂದೇ ಬಗೆಯ ನೋಟ ಕಾಣುತ್ತದೆ. ಕೊನೆಯ ಗಂಟೆ ಬಾರಿಸಿ ಬಾಗಿಲು ತೆರೆದ ಮೇಲೆ ಹುಡುಗ ಹುಡುಗಿಯರು ನೇರವಾಗಿ ಮನೆಗೆ ಹೊರಡುವುದಿಲ್ಲ. ಕಾಂಪೌಂಡಿನ ನೆರಳಿನಲ್ಲಿಯೋ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆಯೋ ಗುಂಪುಗೂಡಿ, "ಹದಿನೇಳಕ್ಕೆ ನೀನೇನು ಹಾಕಿದೆ?" ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಉತ್ತರ ಕೂಡಿದರೆ ಮುಖ ಅರಳುತ್ತದೆ, ಕೂಡದಿದ್ದರೆ ಬಾಡುತ್ತದೆ. ಆ ಬಾಡಿದ ಮುಖವೇ ಸಂಜೆ ನಿಮ್ಮ ಮನೆಯ ಬಾಗಿಲಿಗೆ ಬರುತ್ತದೆ. ಮನೆಮಂದಿಯೆಲ್ಲ ಅದನ್ನು ನೋಡಿ, ಫಲಿತಾಂಶವೇ ಬಂದುಬಿಟ್ಟಿತೇನೋ ಎಂಬಂತೆ ಚಿಂತೆಗೆ ಬೀಳುತ್ತಾರೆ.

ಹೀಗೆ ಉತ್ತರಗಳನ್ನು ತಾಳೆ ನೋಡುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ "ನೋಡಲೇಬೇಡಿ" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ಹಿರಿಯರುಂಟು. ಆದರೆ ಮಕ್ಕಳು ಆ ಮಾತನ್ನು ಕೇಳುವುದಿಲ್ಲವೆಂಬುದು ನಮ್ಮೆಲ್ಲರ ಅನುಭವ. ಕೇಳಬೇಕಾದ ಅಗತ್ಯವೂ ಪೂರ್ತಿಯಾಗಿ ಇಲ್ಲ. ತಾಳೆ ನೋಡುವುದಕ್ಕೂ ಒಂದು ಹೊತ್ತು, ಒಂದು ಕ್ರಮ ಉಂಟು. ಆ ಕ್ರಮವನ್ನು ಬಲ್ಲವರಿಗೆ ಅದು ಒಂದು ಶಕ್ತಿ. ಅರಿಯದವರಿಗೆ ಬರಿಯ ಸಂಕಟ. ಅದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಈ ಪರೀಕ್ಷೆ ಏಕೆ ಬಂದಿತೆಂಬುದನ್ನು ನೆನೆಯಬೇಕು. ಒಂದು ಕಾಲದಲ್ಲಿ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಸೀಟು ಎಂದರೆ ಕ್ಯಾಪಿಟೇಷನ್ ಶುಲ್ಕದ ಮಾತೇ ಆಗಿತ್ತು. ಇದನ್ನು ತಡೆಯಲು ಕರ್ನಾಟಕ ಸರ್ಕಾರ ೧೯೮೪ರಲ್ಲಿ ಒಂದು ಕಾಯಿದೆಯನ್ನೇ ಮಾಡಿತು. ೧೯೯೨ರಲ್ಲಿ ನಮ್ಮ ರಾಜ್ಯದ ವಿರುದ್ಧವೇ ನಡೆದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ಒಪ್ಪುವಂಥದಲ್ಲವೆಂದಿತು. ಮರುವರ್ಷ, ೧೯೯೩ರಲ್ಲಿ, ಉಣ್ಣಿಕೃಷ್ಣನ್ ಮೊಕದ್ದಮೆಯಲ್ಲಿ ಸೀಟುಗಳನ್ನು ಅರ್ಹತೆಯ ಕ್ರಮದಲ್ಲಿಯೇ ಹಂಚಬೇಕೆಂಬ ಒಂದು ಯೋಜನೆಯನ್ನು ಹಾಕಿಕೊಟ್ಟಿತು. ಅದರ ಫಲವಾಗಿ ೧೯೯೪ರಲ್ಲಿ ಸಿ.ಇ.ಟಿ. ಘಟಕ ಹುಟ್ಟಿತು, ಇಂದು ಆ ಕೆಲಸವನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ನ್ಯಾಯಾಲಯ ಹಾಕಿಕೊಟ್ಟ ಆ ಯೋಜನೆ ೨೦೦೨ರ ಮತ್ತೊಂದು ತೀರ್ಪಿನಿಂದ ಬಿದ್ದುಹೋದರೂ ಪರೀಕ್ಷೆ ಉಳಿಯಿತು. ಹಣವಿಲ್ಲದ ಮನೆಯ ಮಗುವಿಗೂ ಒಂದು ಬಾಗಿಲು ತೆರೆದಿರಲಿ ಎಂಬುದು ಇದರ ಮೂಲ ಉದ್ದೇಶ. ಕಡೂರು ತಾಲ್ಲೂಕಿನ ದೇವನೂರಿನಂಥ ಬಯಲುಸೀಮೆಯ ಹಳ್ಳಿಯಲ್ಲಿ ರಾಗಿ, ತೆಂಗು ನಂಬಿಕೊಂಡ ಮನೆಯಿಂದ ಬಂದು ಈ ಪರೀಕ್ಷೆಗೆ ಕೂರುವ ಹುಡುಗಿಗೆ ಒಂದೊಂದು ಉತ್ತರವೂ ಏಕೆ ಅಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಇದರಿಂದ ತಿಳಿದೀತು.

ಇನ್ನು ಪರೀಕ್ಷೆಯ ಸ್ವರೂಪ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಎಂಬ ನಾಲ್ಕು ವಿಷಯಗಳು. ಒಂದೊಂದಕ್ಕೂ ೬೦ ಪ್ರಶ್ನೆಗಳು, ೬೦ ಅಂಕಗಳು, ೮೦ ನಿಮಿಷಗಳು. ದಿನಕ್ಕೆ ಎರಡು ವಿಷಯದಂತೆ ಎರಡು ದಿನ ನಡೆಯುತ್ತದೆ. ಬೆಳಗಿನ ಪತ್ರಿಕೆ ಹತ್ತೂವರೆಗೆ, ಮಧ್ಯಾಹ್ನದ್ದು ಎರಡೂವರೆಗೆ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಕೊಟ್ಟಿರುತ್ತಾರೆ. ಸರಿಯಾದುದರ ವೃತ್ತವನ್ನು ಓ.ಎಂ.ಆರ್. ಹಾಳೆಯಲ್ಲಿ ಪೆನ್ನಿನಿಂದ ತುಂಬಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ತಾಳೆ ನೋಡುವುದರಲ್ಲಿ ಮೊದಲನೆಯ ನಿಯಮ ಹೊತ್ತಿಗೆ ಸಂಬಂಧಿಸಿದ್ದು. ಬೆಳಗಿನ ಪತ್ರಿಕೆ ಮುಗಿದು ಮಧ್ಯಾಹ್ನದ ಪತ್ರಿಕೆ ಆರಂಭವಾಗಲು ಎರಡು ಗಂಟೆ ನಲವತ್ತು ನಿಮಿಷಗಳ ಬಿಡುವು. ಆ ಬಿಡುವಿನಲ್ಲಿ ಉತ್ತರಗಳ ಚರ್ಚೆ ಬೇಡ. ಬೆಳಗಿನ ಹಾಳೆ ಮೇಲ್ವಿಚಾರಕರ ಕೈ ಸೇರಿ ಆಗಿದೆ. ಅದರಲ್ಲಿ ಒಂದು ಚುಕ್ಕೆಯನ್ನೂ ಬದಲಿಸಲಾಗದು. ಬದಲಾಗಬಲ್ಲದ್ದು ಮುಂದಿನ ಪತ್ರಿಕೆಯಲ್ಲಿ ಕೂತ ಮನಸ್ಸು ಮಾತ್ರ. ಎರಡು ಉತ್ತರ ತಪ್ಪಾಯಿತೆಂದು ಕೊರಗುತ್ತ ಒಳಗೆ ಹೋದವನು ಆ ಕೊರಗಿನಿಂದಲೇ ಇನ್ನು ನಾಲ್ಕು ಕಳೆದುಕೊಂಡಾನು. ಮೊದಲನೆಯ ದಿನದ ಸಂಜೆಗೂ ಇದೇ ಮಾತು ಅನ್ವಯಿಸುತ್ತದೆ. ಮನೆಯವರಾದ ನೀವೂ ಆ ಸಂಜೆ "ಎಷ್ಟು ಬರಬಹುದು?" ಎಂದು ಕೇಳಬೇಡಿ. ಊಟ, ನೀರು, ನಿದ್ದೆ ವಿಚಾರಿಸಿದರೆ ಸಾಕು.

ಎರಡನೆಯ ನಿಯಮ ಸಾಧನಕ್ಕೆ ಸಂಬಂಧಿಸಿದ್ದು. ನೆನಪಿನಿಂದ ತಾಳೆ ನೋಡಬಾರದು, ಕಾಗದದಿಂದ ನೋಡಬೇಕು. ಏಕೆಂದರೆ, ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಕ್ರಮದ ಪ್ರಶ್ನೆಪತ್ರಿಕೆಯನ್ನು ಕೊಡುವುದಿಲ್ಲ. ಪಕ್ಕದವರನ್ನು ನೋಡಿ ಬರೆಯದಿರಲೆಂದು ಪ್ರಶ್ನೆಗಳ ಕ್ರಮವನ್ನು ಬದಲಿಸಿ ಹಲವು ಆವೃತ್ತಿಗಳನ್ನು ಅಚ್ಚುಮಾಡಿಸಿರುತ್ತಾರೆ. ಪ್ರತಿಯೊಂದಕ್ಕೂ ಒಂದು ವರ್ಷನ್ ಕೋಡ್ ಇರುತ್ತದೆ. ಒಬ್ಬನ ಹದಿನೇಳನೆಯ ಪ್ರಶ್ನೆ ಇನ್ನೊಬ್ಬನ ನಲವತ್ತೆರಡನೆಯದಾಗಿರಬಹುದು. "ಹದಿನೇಳಕ್ಕೆ ನಾನು ಸಿ ಹಾಕಿದೆ, ನೀನು ಬಿ ಹಾಕಿದೆ" ಎಂಬ ಜಗಳದಲ್ಲಿ ಇಬ್ಬರೂ ಬೇರೆ ಬೇರೆ ಪ್ರಶ್ನೆಗಳನ್ನು ಕುರಿತು ಮಾತಾಡುತ್ತಿರುವುದು ಅಪರೂಪವೇನೂ ಅಲ್ಲ. ಆದರೆ ಓ.ಎಂ.ಆರ್. ಹಾಳೆಯ ಅಡಿಯಲ್ಲಿ ಅಭ್ಯರ್ಥಿಗೆಂದೇ ಒಂದು ನಕಲು ಪ್ರತಿ ಇರುತ್ತದೆ. ಅದನ್ನು ಹರಿದು ಕೈಗೆ ಕೊಡುತ್ತಾರೆ. ಸ್ವತಃ ಅಂಕ ಎಣಿಸಿ ನೋಡಿಕೊಳ್ಳಲೆಂದೇ ಅದನ್ನು ಕೊಡುವುದು. ಒಂದು ವರ್ಷವಾದರೂ ಕಾಪಾಡಿಕೊಳ್ಳಿರೆಂದು ಸೂಚನೆಯಲ್ಲಿಯೇ ಹೇಳಿದೆ. ಆ ಪ್ರತಿ ಮತ್ತು ಪ್ರಶ್ನೆಪತ್ರಿಕೆ ಎರಡೂ ಮನೆಯ ದಾಖಲೆ ಪತ್ರಗಳ ಜೊತೆ ಭದ್ರವಾಗಿರಲಿ.

ನೆನಪಿನ ಮೋಸಕ್ಕೆ ಇನ್ನೊಂದು ಉದಾಹರಣೆ ಕೊಡಬಹುದು. ಪರೀಕ್ಷೆ ಬರೆದು ಬಂದವರಲ್ಲಿ ಎಷ್ಟೋ ಮಂದಿ, "ಮೊದಲು ಹೊಳೆದದ್ದೇ ಸರಿಯಿತ್ತು, ಆಮೇಲೆ ಬದಲಾಯಿಸಿ ಕೆಟ್ಟೆ" ಎಂದು ಹಲುಬುವುದನ್ನು ನೀವು ಕೇಳಿರಬಹುದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿನ ಅಳಿಸಿ ಬರೆದ ಗುರುತುಗಳನ್ನು ಪರಿಶೀಲಿಸಿದರು. ಫಲಿತಾಂಶ ೨೦೦೫ರಲ್ಲಿ ಪ್ರಕಟವಾಯಿತು. ತಪ್ಪಿನಿಂದ ಸರಿಗೆ ಬದಲಾದ ಉತ್ತರಗಳು ಸುಮಾರು ಅರ್ಧದಷ್ಟಿದ್ದರೆ, ಸರಿಯಿಂದ ತಪ್ಪಿಗೆ ಬದಲಾದವು ಕಾಲು ಭಾಗ ಮಾತ್ರ. ಬದಲಾಯಿಸಿ ಲಾಭವಾದದ್ದು ಮರೆತುಹೋಗುತ್ತದೆ. ನಷ್ಟವಾದದ್ದು ಮುಳ್ಳಿನಂತೆ ಚುಚ್ಚುತ್ತಿರುತ್ತದೆ. ಪರೀಕ್ಷೆಯ ಹೊರಗೆ ನಿಂತು ನೆನಪಿನಿಂದ ಲೆಕ್ಕ ಹಾಕುವವನಿಗೆ ನಷ್ಟವೇ ಮೊದಲು ಕಾಣುವುದು ಇದೇ ಕಾರಣದಿಂದ.

ಮೂರನೆಯ ನಿಯಮ ಎಲ್ಲಕ್ಕಿಂತ ಮುಖ್ಯವಾದುದು: ತಲೆ ಎಣಿಸಬೇಡಿ, ಸಾಕ್ಷ್ಯವನ್ನು ತೂಗಿ ನೋಡಿ. ಇದನ್ನು ವಿವರಿಸಲು ದೇವನೂರಿನ ನೆನಪೇ ಸಹಾಯಕ್ಕೆ ಬರುತ್ತದೆ. ಜೈಮಿನಿ ಭಾರತವನ್ನು ಬರೆದ ಲಕ್ಷ್ಮೀಶ ಕವಿಯ ಊರು ಇದು. ಕವಿ ಹೇಳಿಕೊಂಡಿರುವ ದೇವಪುರ ಕಡೂರು ತಾಲ್ಲೂಕಿನ ಈ ದೇವನೂರೇ ಎಂಬುದು ಬಹುಮಂದಿ ಒಪ್ಪಿದ ಮಾತು. ಅದು ಸುರಪುರದ ಕಡೆಯದೆಂದು ವಾದಿಸಿದವರೂ ಉಂಟು. ಹಿಂದೆ ಇಂಥ ಕಾವ್ಯಗಳನ್ನು ತಾಳೆಯ ಗರಿಗಳ ಮೇಲೆ ಬರೆದಿಡುತ್ತಿದ್ದರು. ಒಂದು ಊರಿನ ಪ್ರತಿಯಲ್ಲಿ ಒಂದು ಶಬ್ದವಿದ್ದರೆ ಇನ್ನೊಂದು ಊರಿನ ಪ್ರತಿಯಲ್ಲಿ ಬೇರೆ ಶಬ್ದವಿರುವುದು ಸಹಜ. ಗ್ರಂಥ ಸಂಪಾದನೆ ಮಾಡುವ ವಿದ್ವಾಂಸರು ಇವನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ಪಾಠಾಂತರಗಳನ್ನು ಗುರುತಿಸುತ್ತಾರೆ. ಐದು ಪ್ರತಿಗಳಲ್ಲಿ ಒಂದೇ ಪಾಠವಿದೆಯೆಂದ ಮಾತ್ರಕ್ಕೆ ಅವರು ಅದನ್ನು ಸ್ವೀಕರಿಸುವುದಿಲ್ಲ. ಆ ಐದೂ ಒಂದೇ ಮಾತೃಕೆಯನ್ನು ನೋಡಿ ನಕಲು ಮಾಡಿದವಾದರೆ, ಅವು ಐದು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಮೊದಲ ಲಿಪಿಕಾರನ ಕೈತಪ್ಪು ಐದರಲ್ಲಿಯೂ ಇದ್ದೇ ಇರುತ್ತದೆ.

ಪರೀಕ್ಷೆಯ ಉತ್ತರಗಳಿಗೂ ಇದೇ ವಿಚಾರ ಹೊಂದುತ್ತದೆ. ಒಂದೇ ಟ್ಯೂಷನ್ನಿನಲ್ಲಿ ಒಂದೇ ಗೈಡನ್ನು ಓದಿದ ಐವರು ಗೆಳೆಯರು ಒಂದೇ ಉತ್ತರ ಹಾಕಿದ್ದರೆ, ಆರನೆಯವನು ತನ್ನದು ತಪ್ಪೆಂದು ಎದೆ ಒಡೆದುಕೊಳ್ಳಬೇಕಾಗಿಲ್ಲ. ಗೈಡೇ ತಪ್ಪಿರಬಹುದು. ಉತ್ತರಕ್ಕೆ ಆಧಾರ ಯಾವುದು, ಪಠ್ಯಪುಸ್ತಕದ ಯಾವ ಪುಟದಲ್ಲಿದೆ, ಲೆಕ್ಕ ಮಾಡಿದರೆ ಏನು ಬರುತ್ತದೆ ಎಂದು ಕೇಳಬೇಕು.

ಇದು ಬರಿಯ ಸಮಾಧಾನದ ಮಾತಲ್ಲ. ನಡೆದ ಸಂಗತಿಗಳೇ ಇದಕ್ಕೆ ಪ್ರಮಾಣ. ವೈದ್ಯಕೀಯ ಪ್ರವೇಶಕ್ಕೆ ಈಗ ಇಡೀ ದೇಶಕ್ಕೆ ಒಂದೇ ನೀಟ್ ಪರೀಕ್ಷೆ ಇರುವುದು ನಿಮಗೆ ತಿಳಿದಿದೆ. ೨೦೨೪ರ ನೀಟ್ ಪರೀಕ್ಷೆಯ ಭೌತಶಾಸ್ತ್ರದಲ್ಲಿ ಪರಮಾಣುಗಳನ್ನು ಕುರಿತ ಒಂದು ಪ್ರಶ್ನೆ ಇತ್ತು. ಎಲ್ಲ ಮೂಲವಸ್ತುಗಳ ಪರಮಾಣುಗಳೂ ಸ್ಥಿರವೆಂಬ ಹೇಳಿಕೆ ಸರಿಯೇ ತಪ್ಪೇ ಎಂಬುದು ಅದರ ತಿರುಳು. ವಿಕಿರಣ ಸೂಸಿ ಒಡೆಯುವ ಮೂಲವಸ್ತುಗಳೂ ಇರುವುದರಿಂದ ಹೇಳಿಕೆ ತಪ್ಪು. ಆದರೆ ಪಠ್ಯಪುಸ್ತಕದ ಹಳೆಯ ಆವೃತ್ತಿಯನ್ನು ಆಧಾರವಾಗಿ ಇಟ್ಟುಕೊಂಡ ನಾಲ್ಕು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಅದನ್ನು ಸರಿಯೆಂದು ಗುರುತಿಸಿದ್ದರು. ಪರೀಕ್ಷೆ ನಡೆಸಿದ ಸಂಸ್ಥೆ ಎರಡು ಉತ್ತರಗಳಿಗೂ ಅಂಕ ಕೊಟ್ಟಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಜುಲೈ ೨೨ರಂದು ನ್ಯಾಯಾಲಯ ದೆಹಲಿಯ ಐ.ಐ.ಟಿ.ಯಿಂದ ಮೂವರು ತಜ್ಞರ ಅಭಿಪ್ರಾಯ ಕೇಳಿತು. ಮರುದಿನವೇ ಅವರು ಸರಿಯುತ್ತರ ಒಂದೇ ಎಂದು ತಿಳಿಸಿದರು. ಆ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಹೀಗಾಗಿ ಆ ನಾಲ್ಕು ಲಕ್ಷ ಮಂದಿಗೂ ಐದೈದು ಅಂಕ ಕಡಿಮೆಯಾಯಿತು. ಅಷ್ಟು ಜನ ಒಂದೇ ಉತ್ತರ ಬರೆದರೆಂಬುದು ಅದನ್ನು ಸರಿಮಾಡಲಿಲ್ಲ.

ಇದಕ್ಕೆ ತಿರುಗುಮುರುಗಾದ ಕಥೆಯೊಂದು ಅಮೆರಿಕದಲ್ಲಿ ನಡೆಯಿತು. ಅಲ್ಲಿ ಕಾಲೇಜು ಪ್ರವೇಶಕ್ಕೆ ಎಸ್.ಎ.ಟಿ. ಎಂಬ ಪರೀಕ್ಷೆಯುಂಟು. ೧೯೮೨ರಲ್ಲಿ ಸುಮಾರು ಮೂರು ಲಕ್ಷ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಬಂದಿತು: ದೊಡ್ಡ ವೃತ್ತವೊಂದರ ಸುತ್ತ, ಅದರ ಮೂರನೆಯ ಒಂದರಷ್ಟು ತ್ರಿಜ್ಯವುಳ್ಳ ಚಿಕ್ಕ ವೃತ್ತ ಉರುಳುತ್ತ ಒಂದು ಸುತ್ತು ಬಂದರೆ, ಚಿಕ್ಕದು ತಾನು ಎಷ್ಟು ಸಲ ತಿರುಗುತ್ತದೆ? ಪ್ರಶ್ನೆ ತೆಗೆದವರು ಮೂರು ಎಂದುಕೊಂಡಿದ್ದರು. ನಿಜವಾದ ಉತ್ತರ ನಾಲ್ಕು. ಕೊಟ್ಟ ಉತ್ತರಗಳಲ್ಲಿ ನಾಲ್ಕು ಇರಲೇ ಇಲ್ಲ! ನೀವೇ ಮನೆಯಲ್ಲಿ ಪರೀಕ್ಷಿಸಿ ನೋಡಬಹುದು. ಒಂದೇ ಅಳತೆಯ ಎರಡು ನಾಣ್ಯಗಳನ್ನು ಮೇಜಿನ ಮೇಲಿಟ್ಟು, ಒಂದನ್ನು ಅಲುಗದಂತೆ ಒತ್ತಿ ಹಿಡಿದು, ಇನ್ನೊಂದನ್ನು ಅದರ ಅಂಚಿಗೆ ತಾಗಿಸಿ ಜಾರದಂತೆ ಉರುಳಿಸಿರಿ. ಅಳತೆ ಒಂದೇ ಆದ್ದರಿಂದ ಒಂದೇ ಸಲ ತಿರುಗಬೇಕೆಂದು ತೋರುತ್ತದೆ. ಆದರೆ ಅರ್ಧ ದಾರಿಗೇ ನಾಣ್ಯ ಪೂರ್ತಿ ಒಂದು ಸಲ ತಿರುಗಿ ನೆಟ್ಟಗೆ ನಿಂತಿರುತ್ತದೆ. ಸುತ್ತು ಮುಗಿಯುವ ಹೊತ್ತಿಗೆ ಎರಡು ಸಲ ತಿರುಗಿರುತ್ತದೆ. ನೇರವಾದ ದಾರಿಯಲ್ಲಿ ಉರುಳುವುದಕ್ಕಿಂತ ವೃತ್ತದ ಸುತ್ತ ಉರುಳುವಾಗ ಒಂದು ಸುತ್ತು ಹೆಚ್ಚಾಗುತ್ತದೆ. ಮೂರು ಲಕ್ಷದಲ್ಲಿ ಮೂವರು ವಿದ್ಯಾರ್ಥಿಗಳು ಮಾತ್ರ ಇದನ್ನು ಕಂಡು, ಕಾರಣಸಹಿತ ಬರೆದು ಕಳುಹಿಸಿದರು. ಪರೀಕ್ಷಾ ಮಂಡಲಿ ತಪ್ಪನ್ನು ಒಪ್ಪಿಕೊಂಡು ಆ ಪ್ರಶ್ನೆಯನ್ನು ಕೈಬಿಟ್ಟು ಎಲ್ಲರ ಅಂಕಗಳನ್ನೂ ಮತ್ತೆ ಎಣಿಸಿತು.

ಒಂದು ಕಡೆ ನಾಲ್ಕು ಲಕ್ಷ ಮಂದಿಯ ಒಮ್ಮತ ನಿಲ್ಲಲಿಲ್ಲ. ಇನ್ನೊಂದು ಕಡೆ ಮೂವರ ಮಾತು ನಿಂತಿತು. ಎರಡು ಕಡೆಯೂ ಗೆದ್ದದ್ದು ಆಧಾರ.

ನಮ್ಮ ಸಿ.ಇ.ಟಿ.ಯಲ್ಲಿಯೂ ಇದಕ್ಕೆ ದಾರಿಯುಂಟು. ಪರೀಕ್ಷೆಯಾದ ಮೇಲೆ ಪ್ರಾಧಿಕಾರ ತನ್ನ ಅಂತರಜಾಲ ತಾಣದಲ್ಲಿ ಪ್ರತಿಯೊಂದು ಆವೃತ್ತಿಯ ತಾತ್ಕಾಲಿಕ ಕೀ ಉತ್ತರಗಳನ್ನು ಪ್ರಕಟಿಸಿ, ಗೊತ್ತುಪಡಿಸಿದ ಅವಧಿಯೊಳಗೆ ಆಕ್ಷೇಪಣೆಗಳನ್ನು ಆಧಾರ ಸಮೇತ ಸಲ್ಲಿಸಲು ಕೇಳುತ್ತದೆ. ವಿಷಯ ತಜ್ಞರ ಸಮಿತಿ ಅವನ್ನು ಪರಿಶೀಲಿಸಿದ ಮೇಲೆಯೇ ಉತ್ತರಗಳು ಅಂತಿಮವಾಗುವುದು. "ತಾತ್ಕಾಲಿಕ" ಎಂಬ ಮಾತನ್ನು ಗಮನಿಸಿರಿ. ಕೀ ಉತ್ತರವೂ ಒಂದು ಪ್ರತಿಯೇ. ಅದನ್ನೂ ತಿದ್ದಲು ಅವಕಾಶವುಂಟು. ಅವಧಿ ಮಾತ್ರ ಚಿಕ್ಕದು, ಕೆಲವೇ ದಿನಗಳು. ಗೆಳೆಯರೆಲ್ಲ ಸೇರಿ ತಾಳೆ ನೋಡಬೇಕಾದದ್ದು ಈ ದಿನಗಳಲ್ಲಿ. ನಕಲು ಪ್ರತಿ, ಪ್ರಶ್ನೆಪತ್ರಿಕೆ, ಪಠ್ಯಪುಸ್ತಕ ಮೂರನ್ನೂ ಮುಂದಿಟ್ಟುಕೊಂಡು, ಕೀ ಉತ್ತರದೊಡನೆ ಕೂಡದ ಪ್ರಶ್ನೆಗಳನ್ನು ಬೇರೆಯಾಗಿ ಪಟ್ಟಿಮಾಡಿ, ಒಂದೊಂದನ್ನೂ ಲೆಕ್ಕ ಮಾಡಿ ನೋಡಲಿ. ಸಂದೇಹ ಉಳಿದರೆ ಕಾಲೇಜಿನ ಉಪನ್ಯಾಸಕರನ್ನು ಕೇಳಲಿ. ಆಕ್ಷೇಪಣೆಯಲ್ಲಿ ವಿಷಯ, ವರ್ಷನ್ ಕೋಡ್, ಪ್ರಶ್ನೆಯ ಸಂಖ್ಯೆ, ಪುಸ್ತಕದ ಪುಟ ಇಷ್ಟೂ ಸ್ಪಷ್ಟವಾಗಿರಲಿ. "ಎಲ್ಲರೂ ಹೀಗೆಯೇ ಬರೆದಿದ್ದಾರೆ" ಎಂಬುದು ಆಧಾರವಲ್ಲ.

೨೦೨೪ರ ಸಿ.ಇ.ಟಿ. ಇದಕ್ಕೆ ದೊಡ್ಡ ನಿದರ್ಶನ. ಏಪ್ರಿಲ್ ೧೮ ಮತ್ತು ೧೯ರಂದು ನಡೆದ ಆ ಪರೀಕ್ಷೆಗೆ ಸುಮಾರು ಮೂರೂವರೆ ಲಕ್ಷ ವಿದ್ಯಾರ್ಥಿಗಳು ನೋಂದಾಯಿಸಿಕೊಂಡಿದ್ದರು. ಹೊರಬಂದವರು ತಾಳೆ ನೋಡುವಾಗ ಉತ್ತರಗಳಿಗಿಂತ ಪ್ರಶ್ನೆಗಳ ವಿಷಯವೇ ಮಾತಾಯಿತು: ಪಠ್ಯಕ್ರಮದಿಂದ ತೆಗೆದುಹಾಕಿದ್ದ ಭಾಗಗಳಿಂದಲೂ ಪ್ರಶ್ನೆಗಳು ಬಂದಿದ್ದವು. ಒಂದು ಕಾಲೇಜಿನಲ್ಲಿ ಕಲಿಸಲಿಲ್ಲವೇನೋ ಎಂದುಕೊಂಡವರು ಊರೂರಿಂದ ಅದೇ ದೂರು ಬರುವುದನ್ನು ಕಂಡು ಪಠ್ಯಪುಸ್ತಕಗಳನ್ನು ತೆರೆದು ತೋರಿಸಿದರು. ತಜ್ಞರು ಪರಿಶೀಲಿಸಿದ ಮೇಲೆ ೨೪೦ ಪ್ರಶ್ನೆಗಳಲ್ಲಿ ೫೦ನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಮಕ್ಕಳು ತಾಳೆ ನೋಡದೆ ಮೌನವಾಗಿ ಮನೆ ಸೇರಿದ್ದರೆ, ಪ್ರತಿಯೊಬ್ಬರೂ ತಪ್ಪು ತಮ್ಮದೇ ಎಂದುಕೊಂಡು ಸುಮ್ಮನಿರುತ್ತಿದ್ದರು.

ಪ್ರಶ್ನೆ ಕೈಬಿಟ್ಟರೆ ಎಲ್ಲರಿಗೂ ಸಮನಾದ ಲಾಭವೆಂದು ತಿಳಿಯಬಾರದು. ೬೦ರಲ್ಲಿ ೩೦ ಸರಿ ಬರೆದ ಇಬ್ಬರಿದ್ದಾರೆನ್ನಿ. ೧೫ ಪ್ರಶ್ನೆಗಳನ್ನು ಬಿಟ್ಟರು. ಆ ೧೫ರಲ್ಲಿ ಒಂದೂ ಸರಿಯಿಲ್ಲದವನಿಗೆ ೪೫ಕ್ಕೆ ೩೦, ಅಂದರೆ ನೂರಕ್ಕೆ ೬೬ ದಾಟಿತು. ಅವುಗಳಲ್ಲಿ ೧೦ ಸರಿ ಬರೆದಿದ್ದವನಿಗೆ ೪೫ಕ್ಕೆ ೨೦ ಮಾತ್ರ. ನೂರಕ್ಕೆ ೪೪ರ ಮಟ್ಟಕ್ಕೆ ಇಳಿಯಿತು. ಪ್ರಶ್ನೆ ತೆಗೆಯುವಾಗಲೇ ಎಚ್ಚರ ಬೇಕೆಂಬುದಕ್ಕೆ ಇದೇ ಕಾರಣ.

ಕೊನೆಯದಾಗಿ, ತಾಳೆ ನೋಡಿ ಬಂದ ಅಂಕಿಯ ಬೆಲೆಯೇನು? ಇಂಜಿನಿಯರಿಂಗ್ ರ‍್ಯಾಂಕಿಗೆ ಸಿ.ಇ.ಟಿ.ಯ ಅಂಕ ಅರ್ಧ, ಎರಡನೆಯ ಪಿ.ಯು.ಸಿ.ಯ ಭೌತ, ರಸಾಯನ, ಗಣಿತಗಳ ಅಂಕ ಇನ್ನರ್ಧ. ಸಿ.ಇ.ಟಿ.ಯಲ್ಲಿ ೧೮೦ಕ್ಕೆ ೯೯ ಬಂದರೆ ನೂರಕ್ಕೆ ೫೫, ಪಿ.ಯು.ಸಿ.ಯಲ್ಲಿ ೩೦೦ಕ್ಕೆ ೨೬೪ ಬಂದರೆ ನೂರಕ್ಕೆ ೮೮. ಎರಡರ ಅರ್ಧಗಳು ಕೂಡಿದರೆ ೭೧.೫. ಸಿ.ಇ.ಟಿ.ಯ ಒಂದು ಪ್ರಶ್ನೆ ಈ ಮೊತ್ತದಲ್ಲಿ ಕಾಲು ಅಂಶಕ್ಕಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ಪಿ.ಯು.ಸಿ.ಯ ಒಂದು ಅಂಕ ಆರನೆಯ ಒಂದು ಅಂಶ. ಒಂದು ಉತ್ತರ ತಪ್ಪಿದ್ದರಿಂದ ಬಾಳೇ ಮುಳುಗಿತೆನ್ನುವುದು ಲೆಕ್ಕಕ್ಕೆ ಸಲ್ಲುವ ಮಾತಲ್ಲ. (೨೦೨೧ರಲ್ಲಿ ಮಾತ್ರ ಕೋವಿಡ್ ಕಾರಣದಿಂದ ಪಿ.ಯು.ಸಿ. ಪರೀಕ್ಷೆಯೇ ರದ್ದಾಗಿ ಸಿ.ಇ.ಟಿ. ಅಂಕವೊಂದನ್ನೇ ಲೆಕ್ಕಕ್ಕೆ ಹಿಡಿದರು.) ಊಹೆಯಿಂದ ತುಂಬಿದ ವೃತ್ತಗಳಿಗೂ ಒಂದು ಲೆಕ್ಕವುಂಟು: ೨೦ ಪ್ರಶ್ನೆಗಳನ್ನು ಬರಿಯ ಊಹೆಯಿಂದ ತುಂಬಿದರೆ ಸರಾಸರಿ ೫ ಸರಿಯಾಗುತ್ತವೆ, ಐದು ಸಲಕ್ಕೆ ನಾಲ್ಕು ಸಲ ೩ರಿಂದ ೭ರೊಳಗೆ ಬರುತ್ತದೆ. ಆದ್ದರಿಂದ ಮನೆಯಲ್ಲಿ ಎಣಿಸಿದ ಅಂಕವನ್ನು ಒಂದೇ ಸಂಖ್ಯೆಯಾಗಿ ಹಿಡಿಯದೆ "ಇಷ್ಟರಿಂದ ಇಷ್ಟರವರೆಗೆ" ಎಂದು ಹಿಡಿಯುವುದು ಜಾಣತನ.

ಅಂಕ ತಿಳಿದರೂ ರ‍್ಯಾಂಕ್ ತಿಳಿಯುವುದಿಲ್ಲ, ಏಕೆಂದರೆ ಅದು ಉಳಿದವರು ಹೇಗೆ ಬರೆದರೆಂಬುದರ ಮೇಲೆ ನಿಂತಿದೆ. ಪತ್ರಿಕೆ ಕಷ್ಟವಾಗಿದ್ದರೆ ಎಲ್ಲರಿಗೂ ಕಷ್ಟವೇ. ರ‍್ಯಾಂಕ್ ತಿಳಿದರೂ ಸೀಟು ತಿಳಿಯುವುದಿಲ್ಲ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರದಲ್ಲಿ ಓದಿದವರಿಗೆ ನೂರಕ್ಕೆ ೧೫, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ ೫ ಸೀಟುಗಳ ಮೀಸಲು ಉಂಟು. ದೇವನೂರಿನ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದ ಹುಡುಗಿಗೆ ಅದರ ಪ್ರಮಾಣಪತ್ರಗಳು ಹತ್ತು ಉತ್ತರಗಳಿಗಿಂತ ಹೆಚ್ಚಿನ ನೆರವಾಗಬಹುದು. ಪರೀಕ್ಷೆ ಮುಗಿದ ವಾರ ಚಿಂತೆಯಲ್ಲಿ ಕಳೆಯುವ ಬದಲು ಅವನ್ನು ಸಿದ್ಧಪಡಿಸಿಕೊಳ್ಳುವುದು ಲೇಸು.

ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಬಾಗಿಲ ಬಳಿಯ ಹತ್ತು ನಿಮಿಷದ ಮಾತಿನ ಬಲದ ಮೇಲೆ, ಮಗ ಸೋತನೆಂದುಕೊಂಡು ಅದೇ ವಾರ ಸಾಲ ತಂದು ಎಲ್ಲಿಯೋ ಮುಂಗಡ ಕಟ್ಟುವ ತಂದೆಯರಿದ್ದಾರೆ. ಇನ್ನು ಓದು ಸಾಕೆಂದು ಮಗಳಿಗೆ ಹೇಳಿಬಿಡುವ ಮನೆಗಳೂ ಇವೆ. ಅಂಥ ತೀರ್ಮಾನಗಳನ್ನು ಅಂತಿಮ ಉತ್ತರಗಳೂ ರ‍್ಯಾಂಕೂ ಹೊರಬರುವವರೆಗೆ ಮುಂದಕ್ಕೆ ಹಾಕಿರಿ. ಅಲ್ಲಿಯವರೆಗೆ ಮಕ್ಕಳು ತಾಳೆ ನೋಡಲಿ, ವಾದಿಸಲಿ, ಪುಸ್ತಕ ತೆರೆದು ತೋರಿಸಲಿ. ಬಿಡುವಿದ್ದರೆ ನೀವೂ ಅವರ ಜೊತೆ ಕುಳಿತು, "ಇದಕ್ಕೆ ಆಧಾರವೇನು?" ಎಂದು ಕೇಳಿರಿ. ಆ ಒಂದು ಪ್ರಶ್ನೆಯನ್ನು ಕೇಳಲು ಕಲಿತ ಮಕ್ಕಳಿಗೆ ಅದು ಕಾಲೇಜಿನಲ್ಲಿಯೂ ಅದರಾಚೆಗೂ ಉಪಯೋಗಕ್ಕೆ ಬರುವುದು.